ಟ್ಯೂಬ್‌ಲೈಟಿಗೆ ಮಂದ ಬೆಳಕು ಕಲಿಸಿದ ಕಥೆ

ಹೇಳಿದ ಮಾತು ತಡವಾಗಿ ಅರ್ಥವಾಗುವವರನ್ನು ನಾವು ‘ಟ್ಯೂಬ್‌ಲೈಟ್’ ಎಂದು ಕರೆದು ನಗುವುದುಂಟು. ಸ್ವಿಚ್ ಒತ್ತಿದ ಮೇಲೆ ಎರಡು ಮೂರು ಬಾರಿ ಮಿಣುಕಿ, ಯೋಚನೆ ಮಾಡಿ, ಆಮೇಲೆ ಬೆಳಗುವ ಆ ದೀಪದ ಸ್ವಭಾವ ನಮ್ಮೆಲ್ಲರಿಗೂ ಅಷ್ಟು ಪರಿಚಿತ. ಆದರೆ ಆ ದೀಪಕ್ಕೆ ಇನ್ನೊಂದು ಹಠವಿತ್ತು. ಬೆಳಗಿದರೆ ಪೂರ್ತಿ ಬೆಳಗುತ್ತಿತ್ತು, ಇಲ್ಲವಾದರೆ ಆರಿಯೇ ಹೋಗುತ್ತಿತ್ತು. ‘ಸ್ವಲ್ಪವೇ ಬೆಳಗು’ ಎಂದರೆ ಕೇಳುತ್ತಿರಲಿಲ್ಲ. ನಮ್ಮ ಮನೆಗಳಿಗೆ ಸಿಎಫ್‌ಎಲ್ ಬಂದ ಕಾಲದಲ್ಲಿ ಅದರ ರಟ್ಟಿನ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಡಿಮ್ಮರಿನೊಂದಿಗೆ ಬಳಸಬೇಡಿ’ ಎಂಬ ಎಚ್ಚರಿಕೆ ಇರುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಗಮನಿಸಿರಬಹುದು. ಹೆಚ್ಚಿನವರು ಓದದೆ ಪೆಟ್ಟಿಗೆ ಎಸೆದಿರುತ್ತಾರೆ.

ಆ ಒಂದು ಸಾಲಿನ ಎಚ್ಚರಿಕೆಯ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆ ಇದೆ. ಒಂದು ಕಡೆ ಗೋಡೆಯ ಮೇಲಿನ ಗುಂಡಿ, ಇನ್ನೊಂದು ಕಡೆ ಗಾಜಿನ ಕೊಳವೆ. ಎರಡನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ, ಒಂದರ ಬಗ್ಗೆ ಇನ್ನೊಂದು ಯೋಚಿಸದಂತೆ ಕಟ್ಟಿದರು. ಮತ್ತೆ ಇವೆರಡನ್ನೂ ಹೊಂದಿಸಲು ತಲೆಮಾರುಗಳ ಎಂಜಿನಿಯರುಗಳು ಶ್ರಮಪಟ್ಟರು. ಆವಿಷ್ಕಾರ ಮಾಡಿದವರ ಹೆಸರು ಪಠ್ಯಪುಸ್ತಕದಲ್ಲಿ ಬರುತ್ತದೆ. ಎರಡು ಆವಿಷ್ಕಾರಗಳನ್ನು ಒಂದಕ್ಕೊಂದು ಒಗ್ಗಿಸಿದವರ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಈ ಲೇಖನ ಹೆಚ್ಚಾಗಿ ಆ ಎರಡನೆಯ ಬಗೆಯ ಕೆಲಸದ ಕುರಿತಾಗಿದೆ.

ಬೆಳಕನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳುವ ಆಸೆ ಹಳೆಯದು. ಲಾಟೀನಿನ ಬತ್ತಿಯನ್ನು ಕೆಳಗೆ ತಿರುಗಿಸಿ ಮಲಗುತ್ತಿದ್ದ ಅಜ್ಜಿಯಂದಿರನ್ನು ನೆನಪಿಸಿಕೊಳ್ಳಿ. ಮಲಗುವಾಗ ದೀಪ ಆರಿಸಿರಿ, ಇಲಿಯೊಂದು ಬತ್ತಿ ಎಳೆದು ಮನೆಗೆ ಬೆಂಕಿ ಹಚ್ಚೀತು ಎಂದು ಪ್ರವಾದಿ (ಸ) ಉಪದೇಶಿಸಿದ್ದು ಹದೀಸಿನಲ್ಲಿ ಬಂದಿದೆ. ಬೇಡದ ಬೆಳಕು ಅಪಾಯವೂ ಹೌದು, ದುಂದುವೆಚ್ಚವೂ ಹೌದು ಎಂಬ ತಿಳಿವಳಿಕೆ ನಮಗೆ ಹೊಸತಲ್ಲ.

ವಿದ್ಯುತ್ ದೀಪ ಬಂದಾಗ ಬೆಳಕು ಇಳಿಸುವ ಅಗತ್ಯ ಮೊದಲು ಬಿದ್ದದ್ದು ಮನೆಯಲ್ಲಲ್ಲ, ಪಾಶ್ಚಾತ್ಯ ನಾಟಕಶಾಲೆಗಳಲ್ಲಿ. ರಂಗದ ಮೇಲೆ ಸಂಜೆಯಾಗಬೇಕು, ಪ್ರೇಕ್ಷಕರ ಮೇಲಿನ ದೀಪ ನಿಧಾನವಾಗಿ ಕರಗಬೇಕು. ಅದಕ್ಕೆ ಅವರು ಮಾಡಿಕೊಂಡ ಒಂದು ಉಪಾಯ ಕೇಳಿದರೆ ಈಗ ಆಶ್ಚರ್ಯವಾಗುತ್ತದೆ. ಜಾಡಿಯಲ್ಲಿ ಉಪ್ಪುನೀರು, ಅದರೊಳಗೆ ಎರಡು ಲೋಹದ ತಟ್ಟೆಗಳು. ತಟ್ಟೆಗಳನ್ನು ಹತ್ತಿರ ತಂದರೆ ಹೆಚ್ಚು ವಿದ್ಯುತ್ ಹರಿದು ದೀಪ ಪ್ರಜ್ವಲಿಸುತ್ತಿತ್ತು, ದೂರ ಸರಿಸಿದರೆ ಮಂಕಾಗುತ್ತಿತ್ತು. ಇದರ ಜೊತೆಗೆ ತಂತಿ ಸುತ್ತಿದ ದೊಡ್ಡ ದೊಡ್ಡ ರೋಧಕಗಳೂ ಬಳಕೆಯಲ್ಲಿದ್ದವು. ದೀಪಕ್ಕೆ ಹೋಗದ ವಿದ್ಯುತ್ತೆಲ್ಲ ಅಲ್ಲಿ ಬಿಸಿಯಾಗಿ ಪೋಲಾಗುತ್ತಿತ್ತು, ಬೆಂಕಿ ಅನಾಹುತದ ಭಯವೂ ಇತ್ತು. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ದುಡಿಮೆಗೆ ಇಳಿದ ಗ್ರ್ಯಾನ್‌ವಿಲ್ ವುಡ್ಸ್ ಎಂಬ ಕಪ್ಪು ಅಮೆರಿಕನ್ ಸಂಶೋಧಕ 1896ರಲ್ಲಿ ಇದಕ್ಕಿಂತ ಸುರಕ್ಷಿತವಾದ, ಮಿತವ್ಯಯದ ಡಿಮ್ಮರ್ ಒಂದಕ್ಕೆ ಪೇಟೆಂಟ್ ಪಡೆದರು. ನಮ್ಮ ಹಳೆಯ ಫ್ಯಾನುಗಳ ಕಬ್ಬಿಣದ ಡಬ್ಬಿಯಂಥ ರೆಗ್ಯುಲೇಟರ್ ಕೈಗೆ ಬಿಸಿ ತಾಗುತ್ತಿದ್ದುದು ನೆನಪಿದೆಯಲ್ಲವೇ? ನಾಟಕಶಾಲೆಯ ಆ ರೋಧಕಗಳ ವಂಶದ್ದೇ ಅದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇವೆಲ್ಲ ನಡೆದದ್ದು ತಂತುವಿನ ಬಲ್ಬಿನೊಂದಿಗೆ. ತಂತುವಿನ ಬಲ್ಬ್ ಬಹಳ ಸಾಧು ಸ್ವಭಾವದ್ದು. ಹೆಚ್ಚು ವಿದ್ಯುತ್ ಕೊಟ್ಟರೆ ಹೆಚ್ಚು ಕಾಯುತ್ತದೆ, ಕಡಿಮೆ ಕೊಟ್ಟರೆ ಕಡಿಮೆ ಕಾಯುತ್ತದೆ. ಯಾವ ರೀತಿಯಲ್ಲಿ ಕಡಿಮೆ ಮಾಡಿದಿರಿ ಎಂದು ಕೇಳುವುದಿಲ್ಲ.

ಟ್ಯೂಬ್‌ಲೈಟ್ ಹುಟ್ಟಿದ್ದು ಬೇರೆ ದಾರಿಯಲ್ಲಿ. ಅಮೆರಿಕದ ಪೀಟರ್ ಕೂಪರ್ ಹೆವಿಟ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಪಾದರಸದ ಆವಿಯ ದೀಪ ಮಾಡಿದ್ದರು. ಆದರೆ ಅದರ ನೀಲಿ ಹಸಿರು ಬೆಳಕಿನಲ್ಲಿ ಮನುಷ್ಯರ ಮುಖ ಹೆಣದಂತೆ ಕಾಣುತ್ತಿತ್ತು. 1926ರಲ್ಲಿ ಬರ್ಲಿನ್ನಿನ ಎಡ್ಮಂಡ್ ಗರ್ಮರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಕೊಳವೆಯ ಒಳಗೋಡೆಗೆ ಹೊಳೆಯುವ ಪುಡಿಯನ್ನು ಲೇಪಿಸಿ, ಪಾದರಸದಿಂದ ಹೊರಡುವ ನೇರಳಾತೀತ ಕಿರಣಗಳನ್ನು ಕಣ್ಣಿಗೆ ಹಿತವಾದ ಬೆಳಕಾಗಿ ಮಾರ್ಪಡಿಸುವ ದೀಪಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮಾರುಕಟ್ಟೆಗೆ ಬರುವಂಥ ದೀಪವನ್ನು ರೂಪಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾರ್ಜ್ ಇನ್‌ಮನ್ ನೇತೃತ್ವದ ತಂಡ. 1934ರಲ್ಲಿ ಕೆಲಸ ಆರಂಭವಾಗಿ 1938ರ ಏಪ್ರಿಲ್‌ನಲ್ಲಿ 15, 20 ಮತ್ತು 30 ವ್ಯಾಟಿನ ಕೊಳವೆಗಳು ಮಾರಾಟಕ್ಕೆ ಬಂದವು. ಅದೇ ವ್ಯಾಟಿನ ಬಲ್ಬಿಗಿಂತ ಹಲವು ಪಟ್ಟು ಬೆಳಕು!

ಈ ಸುದ್ದಿ ಎಲ್ಲರಿಗೂ ಸಂತೋಷ ತರಲಿಲ್ಲ. ವಿದ್ಯುತ್ ಮಾರುವ ಕಂಪನಿಗಳು ಗಾಬರಿಯಾದವು. ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಬೆಳಕು ಸಿಕ್ಕಿದರೆ ಅವರ ವ್ಯಾಪಾರದ ಗತಿ ಏನು? 1939ರಲ್ಲಿ ದೀಪದ ಕಂಪನಿಗಳೂ ವಿದ್ಯುತ್ ಕಂಪನಿಗಳೂ ಕುಳಿತು ಒಂದು ರಾಜಿಗೆ ಬಂದವು. ಟ್ಯೂಬ್‌ಲೈಟನ್ನು ‘ಉಳಿತಾಯದ ದೀಪ’ ಎಂದಲ್ಲ, ‘ಹಗಲಿನಂಥ ಹೆಚ್ಚು ಬೆಳಕಿನ ದೀಪ’ ಎಂದು ಪ್ರಚಾರ ಮಾಡುವುದು. ಅದಾದ ಮೇಲೆ ಬಂದ ಎರಡನೇ ಮಹಾಯುದ್ಧ ಆ ಪ್ರಚಾರಕ್ಕೆ ನೆರವಾಯಿತು. ಹಗಲಿರುಳು ನಡೆಯುವ ಕಾರ್ಖಾನೆಗಳಿಗೆ ಇಂಥ ದೀಪವೇ ಬೇಕಿತ್ತು. 1951ರ ಹೊತ್ತಿಗೆ ಅಮೆರಿಕದಲ್ಲಿ ತಂತುವಿನ ಬಲ್ಬುಗಳಿಗಿಂತ ಹೆಚ್ಚು ಬೆಳಕು ಟ್ಯೂಬ್‌ಲೈಟುಗಳಿಂದಲೇ ಬರುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಮುಂದಿನ ತೊಡಕಿನ ಬೇರು ಇಲ್ಲಿಯೂ ಇದೆ. ಹೆಚ್ಚು ಬೆಳಕಿಗಾಗಿಯೇ ಕೊಳ್ಳುವ ದೀಪವನ್ನು ಕಡಿಮೆ ಮಾಡುವ ಯೋಚನೆ ಯಾರಿಗೆ ಬಂದೀತು? ಕಾರ್ಖಾನೆ, ಕಚೇರಿ, ಶಾಲೆಗಳ ದೀಪವಾಗಿ ಅದು ಬೆಳೆಯಿತು. ಮಲಗುವ ಕೋಣೆಯ ದೀಪವಾಗಿ ಅಲ್ಲ.

ನಮ್ಮಲ್ಲಿ ಮಾತ್ರ ಟ್ಯೂಬ್‌ಲೈಟ್ ಮನೆಯ ನಡುಕೋಣೆಗೂ ಬಂತು. 1936ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ ವರ್ಕ್ಸ್‌ನ ಬಲ್ಬು, ಟ್ಯೂಬುಗಳು ನಾಡಿನ ಎಷ್ಟೋ ಮನೆಗಳನ್ನು ಬೆಳಗಿದವು. 2003ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಈಗ ಟ್ಯೂಬಿನ ಒಳಗೆ ಸ್ವಲ್ಪ ಇಣುಕೋಣ. ಪಿಯುಸಿ ವಿಜ್ಞಾನ ಓದುತ್ತಿರುವವರು ಈ ಭಾಗವನ್ನು ತಾಳ್ಮೆಯಿಂದ ಓದಬೇಕೆಂದು ವಿನಂತಿ. ಕೊಳವೆಯ ಎರಡೂ ತುದಿಗಳಲ್ಲಿ ಚಿಕ್ಕ ತಂತುಗಳಿರುತ್ತವೆ. ಬೇರಿಯಂ ಮೊದಲಾದ ಲೋಹಗಳ ಆಕ್ಸೈಡನ್ನು ಅವುಗಳ ಮೇಲೆ ಲೇಪಿಸಿರುತ್ತಾರೆ. ಈ ಲೇಪ ಚೆನ್ನಾಗಿ ಕಾದಾಗ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನುಗಳು ಪಾದರಸದ ಪರಮಾಣುಗಳಿಗೆ ಬಡಿದು ನೇರಳಾತೀತ ಕಿರಣ ಹೊರಡಿಸುತ್ತವೆ. ಒಮ್ಮೆ ಅನಿಲದಲ್ಲಿ ವಿದ್ಯುತ್ ಹರಿಯಲು ಶುರುವಾದರೆ ಅದಕ್ಕೆ ಅಂಕೆಯೇ ಇಲ್ಲ. ಪ್ರವಾಹ ಹೆಚ್ಚಾದಷ್ಟೂ ಅನಿಲದ ರೋಧ ಕಡಿಮೆಯಾಗುತ್ತದೆ, ಆಗ ಪ್ರವಾಹ ಇನ್ನೂ ಹೆಚ್ಚುತ್ತದೆ. ಹಿಡಿಯುವವರಿಲ್ಲದಿದ್ದರೆ ಕ್ಷಣಾರ್ಧದಲ್ಲಿ ಟ್ಯೂಬ್ ಸುಟ್ಟುಹೋಗುತ್ತದೆ. ಹಾಗೆ ಹಿಡಿದು ನಿಲ್ಲಿಸುವ ಕಡಿವಾಣವೇ ಚೋಕ್. ಅಂದರೆ ಟ್ಯೂಬ್‌ಲೈಟ್ ಎಂಬುದು ಒಂಟಿ ವಸ್ತುವಲ್ಲ. ಕೊಳವೆ, ಚೋಕ್, ಸ್ಟಾರ್ಟರ್ ಸೇರಿದ ಒಂದು ಸಂಸಾರ.

ಈ ಸಂಸಾರಕ್ಕೆ ಕಡಿಮೆ ವಿದ್ಯುತ್ ಕೊಟ್ಟರೆ ಏನಾಗುತ್ತದೆ? ಪ್ರವಾಹ ಕಡಿಮೆಯಾದೊಡನೆ ತುದಿಯ ತಂತುಗಳು ತಣ್ಣಗಾಗುತ್ತವೆ. ತಣ್ಣಗಾದ ಲೇಪ ಎಲೆಕ್ಟ್ರಾನುಗಳನ್ನು ಬಿಡಲು ಒಪ್ಪುವುದಿಲ್ಲ. ಆಗ ಅಲ್ಲಿನ ವೋಲ್ಟೇಜ್ ಏರಿ, ಭಾರವಾದ ಅಯಾನುಗಳು ರಭಸದಿಂದ ಬಂದು ಲೇಪವನ್ನೇ ಕಿತ್ತು ಹಾಕುತ್ತವೆ. ಹಳೆಯ ಟ್ಯೂಬಿನ ತುದಿಗಳು ಕಪ್ಪಾಗಿರುವುದನ್ನು ನೋಡಿದ್ದೀರಿ. ಆ ಕಪ್ಪು ಹೀಗೆ ಕಿತ್ತು ಬಂದ ವಸ್ತುವೇ. ಅದೂ ಅಲ್ಲದೆ ನಮ್ಮ ಮನೆಯ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ಪ್ರತಿಸಲವೂ ಟ್ಯೂಬಿನೊಳಗಿನ ಅನಿಲ ಮತ್ತೆ ಹೊತ್ತಿಕೊಳ್ಳಬೇಕು. ವೋಲ್ಟೇಜ್ ಸಾಲದಿದ್ದರೆ ಹೊತ್ತುವುದಿಲ್ಲ, ದೀಪ ಮಿಣುಕುತ್ತದೆ. ಹಾಗಾಗಿ ಟ್ಯೂಬ್‌ಲೈಟಿನ ಹಠ ನಿಜವಾಗಿ ಹಠವಲ್ಲ. ಕಡಿಮೆ ಉಣಿಸಿದರೆ ಕಡಿಮೆ ದುಡಿಯುವ ಬದಲು ಅದು ಕಾಯಿಲೆ ಬೀಳುತ್ತದೆ.

ಆದರೂ ಪ್ರಯತ್ನಗಳು ನಿಲ್ಲಲಿಲ್ಲ. 1950ರ ದಶಕದಲ್ಲಿ ಸಭಾಂಗಣಗಳಿಗಾಗಿ ಒಂದು ಮಾರ್ಗ ಸಿದ್ಧವಾಯಿತು. ತುದಿಯ ತಂತುಗಳನ್ನು ಬಿಸಿಯಾಗಿಡಲು ಪ್ರತ್ಯೇಕ ಟ್ರಾನ್ಸ್‌ಫಾರ್ಮರಿನಿಂದ ಸದಾ ಪೂರ್ತಿ ವಿದ್ಯುತ್ ಕೊಡುವುದು. ಕೊಳವೆಯ ಮೂಲಕ ಹರಿಯುವ ಪ್ರವಾಹವನ್ನು ಮಾತ್ರ ಬೇರೆ ತಂತಿಯಿಂದ ಹೆಚ್ಚು ಕಡಿಮೆ ಮಾಡುವುದು. ಸಾಧು ವಿಧಾನ, ಸರಿಯಾದ ವಿಧಾನ. ಮುಂದಿನ ಎಲ್ಲ ಪರಿಹಾರಗಳ ಮೂಲತತ್ವವೂ ಇದೇ: ತಂತು ಬಿಸಿಯಾಗಿರಲಿ, ಪ್ರವಾಹ ಮಾತ್ರ ಇಳಿಯಲಿ. ಆದರೆ ಇದಕ್ಕೆ ಸ್ವಿಚ್ಚಿನಿಂದ ದೀಪದವರೆಗೆ ಹೆಚ್ಚುವರಿ ತಂತಿ ಎಳೆಯಬೇಕು. ಹೊಸ ಸಭಾಂಗಣ ಕಟ್ಟುವವರು ಎಳೆದಾರು. ಕಟ್ಟಿ ಮುಗಿದ ಮನೆಯ ಗೋಡೆ ಒಡೆಯುವವರು ಯಾರು?

ಇದೇ ಸಮಯಕ್ಕೆ ಇನ್ನೊಂದು ಕಡೆ ಡಿಮ್ಮರಿನ ಚರಿತ್ರೆಯೇ ತಿರುವು ಪಡೆಯಿತು. 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು ಎಸ್‌ಸಿಆರ್ ಎಂಬ ಅರೆವಾಹಕ ಸಾಧನವನ್ನು ಹೊರತಂದರು. ಹುಣಸೆಬೀಜದಷ್ಟು ದೊಡ್ಡ ಸಿಲಿಕಾನ್ ಚೂರಿಗಿಂತಲೂ ಚಿಕ್ಕದಾದ ಅದರ ತಿರುಳು ದೊಡ್ಡ ಪ್ರವಾಹವನ್ನು ಸೆಕೆಂಡಿಗೆ ನೂರಾರು ಬಾರಿ ಹಾಕಿ ತೆಗೆಯಬಲ್ಲದು. ನ್ಯೂಯಾರ್ಕಿನ ಜೋಯೆಲ್ ಸ್ಪೈರಾ ಎಂಬ ಭೌತವಿಜ್ಞಾನ ಪದವೀಧರ ತಮ್ಮ ಅಪಾರ್ಟ್‌ಮೆಂಟಿನ ಒಂದು ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಸಾಮಾನ್ಯ ಸ್ವಿಚ್ಚಿನ ಡಬ್ಬಿಯಲ್ಲೇ ಹಿಡಿಸುವ ಡಿಮ್ಮರನ್ನು ರೂಪಿಸಿದರು. 1959ರಲ್ಲಿ ಪೇಟೆಂಟಿಗೆ ಅರ್ಜಿ, 1961ರಲ್ಲಿ ಪತ್ನಿ ರೂತ್ ಜೊತೆಗೂಡಿ ಲುಟ್ರಾನ್ ಕಂಪನಿಯ ಸ್ಥಾಪನೆ, 1962ರಲ್ಲಿ ಪೇಟೆಂಟ್ ಮಂಜೂರು. ಸ್ಪೈರಾ 2015ರಲ್ಲಿ ನಿಧನರಾದರು. 1960ರ ದಶಕದಲ್ಲಿಯೇ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ಟ್ರಯಾಕ್ ಎಂಬ ಸಾಧನ ಬಂದು ಡಿಮ್ಮರ್ ಇನ್ನಷ್ಟು ಅಗ್ಗವಾಯಿತು. ನಮ್ಮ ಮನೆಗಳ ಇಂದಿನ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳಲ್ಲಿ ಬಹಳಷ್ಟು ಇದೇ ಕುಟುಂಬದವು.

ಇದರ ಕೆಲಸ ಹೇಗೆ? ವಿದ್ಯುತ್ತಿನ ಅಲೆ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆಯಷ್ಟೆ. ಟ್ರಯಾಕ್ ಆ ಅಲೆಯ ಮೊದಲ ಭಾಗದಲ್ಲಿ ಬಾಗಿಲು ಮುಚ್ಚಿಕೊಂಡಿದ್ದು, ನಡುವೆ ತೆರೆಯುತ್ತದೆ. ತಡವಾಗಿ ತೆರೆದಷ್ಟೂ ದೀಪಕ್ಕೆ ಕಡಿಮೆ ವಿದ್ಯುತ್. ಬ್ರೆಡ್ಡಿನ ತುಂಡಿನಿಂದ ಒಂದು ಬದಿ ಕತ್ತರಿಸಿ ಕೊಟ್ಟ ಹಾಗೆ. ರೋಧಕದಂತೆ ಬಿಸಿಯಾಗಿ ಪೋಲಾಗುವುದಿಲ್ಲ. ಆದರೆ ಟ್ರಯಾಕಿಗೆ ಎರಡು ಅಗತ್ಯಗಳಿವೆ. ಒಮ್ಮೆ ತೆರೆದ ಬಾಗಿಲು ತೆರೆದೇ ಇರಬೇಕಾದರೆ ಅದರ ಮೂಲಕ ಕನಿಷ್ಠ ಕೆಲವು ಹತ್ತು ಮಿಲಿಆಂಪಿಯರ್ ಪ್ರವಾಹ ಎಡೆಬಿಡದೆ ಹರಿಯುತ್ತಿರಬೇಕು. ಎರಡನೆಯದು, ಯಾವಾಗ ತೆರೆಯಬೇಕೆಂದು ಲೆಕ್ಕ ಹಾಕುವ ಡಿಮ್ಮರಿನ ಒಳಗಿನ ಚಿಕ್ಕ ಸರ್ಕ್ಯೂಟಿಗೂ ಅನ್ನ ಬೇಕು. ಅಮೆರಿಕ, ಯುರೋಪಿನ ಮನೆಗಳಲ್ಲಿ ಸ್ವಿಚ್ಚಿನ ಡಬ್ಬಿಗೆ ಬರುವುದು ಸಾಮಾನ್ಯವಾಗಿ ಎರಡೇ ತಂತಿ, ನ್ಯೂಟ್ರಲ್ ಅಲ್ಲಿರುವುದಿಲ್ಲ. ಆದ್ದರಿಂದ ಆ ಸರ್ಕ್ಯೂಟ್ ತನ್ನ ಅನ್ನವನ್ನು ದೀಪದ ಮೂಲಕವೇ ಎಳೆದುಕೊಳ್ಳಬೇಕು. 60 ವ್ಯಾಟಿನ ಬಲ್ಬಿನಲ್ಲಿ 260 ಮಿಲಿಆಂಪಿಯರ್ ಹರಿಯುವಾಗ ಇದೆಲ್ಲ ಸಮಸ್ಯೆಯೇ ಅಲ್ಲ. ಸ್ಪೈರಾ ಕಾಲದ ಡಿಮ್ಮರ್ ಆ ಬಲ್ಬನ್ನು ನಂಬಿ ಹುಟ್ಟಿದ್ದು. ನಂಬಿದ್ದರಲ್ಲಿ ತಪ್ಪೂ ಇರಲಿಲ್ಲ, ಆಗ ಮನೆಯಲ್ಲಿ ಇದ್ದದ್ದು ಅದೇ ದೀಪ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಡಿಮ್ಮರ್ ಹಾಕಿದರೆ ವಿದ್ಯುತ್ ಬಿಲ್ ಅರ್ಧವಾಗುತ್ತದೆ ಎಂದು ಹಲವರು ನಂಬಿದ್ದರು. ತಂತುವಿನ ಬಲ್ಬಿನ ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಅದು ನುಂಗುವ ವಿದ್ಯುತ್ ಇಳಿಯುವುದು ಸುಮಾರು ಮುಕ್ಕಾಲಿನಷ್ಟಕ್ಕೆ ಮಾತ್ರ. ತಂತು ತಣ್ಣಗಾದಂತೆ ಅದರ ಶಕ್ತಿಯೆಲ್ಲ ಬೆಳಕಾಗದೆ ಬರೀ ಶಾಖವಾಗುತ್ತದೆ. ಟ್ಯೂಬ್‌ಲೈಟಿನ ಬೆಳಕನ್ನು ಇಳಿಸಲು ಸಾಧ್ಯವಾದರೆ ಮಾತ್ರ ಬೆಳಕಿಗೆ ಸರಿಯಾಗಿ ಖರ್ಚೂ ಇಳಿದೀತು. ಆ ಆಸೆಯೇ ಎಂಜಿನಿಯರುಗಳನ್ನು ಬಿಡದೆ ಹಿಡಿದದ್ದು.

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಘೋಷಿಸಿದವು. ಕೆಲವೇ ತಿಂಗಳುಗಳಲ್ಲಿ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಅಲ್ಲಿಯವರೆಗೆ ‘ಹೆಚ್ಚು ಬೆಳಕು’ ಎಂದು ಹೇಳುತ್ತಿದ್ದ ಪಾಶ್ಚಾತ್ಯ ಜಗತ್ತು ಏಕಾಏಕಿ ‘ಕಡಿಮೆ ವಿದ್ಯುತ್’ ಎನ್ನತೊಡಗಿತು. 1939ರಲ್ಲಿ ಮುಚ್ಚಿಟ್ಟ ಉಳಿತಾಯದ ಗುಣ ಮತ್ತೆ ಹೊರಗೆ ಬಂತು. 1976ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಡ್ ಹ್ಯಾಮರ್ ಕೊಳವೆಯನ್ನು ಸುರುಳಿಯಾಗಿ ಸುತ್ತಿ ಬಲ್ಬಿನ ಗಾತ್ರಕ್ಕೆ ತಂದರು. ಹೊಸ ಕಾರ್ಖಾನೆಗೆ ಸುಮಾರು ಎರಡೂವರೆ ಕೋಟಿ ಡಾಲರ್ ಬೇಕಾದೀತೆಂದು ಕಂಪನಿ ಆ ವಿನ್ಯಾಸವನ್ನು ಬದಿಗಿಟ್ಟಿತು. ಮುಂದೆ 1990ರ ದಶಕದಲ್ಲಿ ಚೀನಾದಲ್ಲಿ ತಯಾರಾಗಿ ಲೋಕವೆಲ್ಲ ಹರಡಿದ್ದು ಅದೇ ಸುರುಳಿ. ಈ ನಡುವೆ 1980ರಲ್ಲಿ ಫಿಲಿಪ್ಸ್ ಕಂಪನಿ ಬಲ್ಬಿನ ಹೋಲ್ಡರಿಗೇ ತಿರುಗಿಸಿ ಹಾಕಬಹುದಾದ ಸಿಎಫ್‌ಎಲ್ ತಂದಿತ್ತು. ಒಳಗೆ ಕಬ್ಬಿಣದ ಚೋಕ್ ಇದ್ದುದರಿಂದ ತೂಕ ಅರ್ಧ ಕಿಲೋ ಹತ್ತಿರ. 1985ರಲ್ಲಿ ಓಸ್ರಾಮ್ ಅದರ ಬದಲು ಎಲೆಕ್ಟ್ರಾನಿಕ್ ಚೋಕ್ ಇಟ್ಟು ದೀಪವನ್ನು ಹಗುರ ಮಾಡಿತು.

ಹೀಗೆ ಬಲ್ಬಿನ ಹೋಲ್ಡರಿನಲ್ಲಿ ಟ್ಯೂಬ್‌ಲೈಟ್ ಬಂದು ಕುಳಿತಿತು. ಗೋಡೆಯ ಮೇಲೆ ಡಿಮ್ಮರ್ ಮೊದಲೇ ಇತ್ತು. ಇಬ್ಬರೂ ಎದುರುಬದುರಾದರು.

ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಇತಿಕಾಫ್ ಕುಳಿತವರಿಗೆ ರಾತ್ರಿ ಮಂದ ಬೆಳಕು ಇರಲೆಂದು ಮಸೀದಿಯ ಒಂದು ಮೂಲೆಯ 11 ವ್ಯಾಟಿನ ಸಾದಾ ಸಿಎಫ್‌ಎಲ್‌ಗೆ ನೀವು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಜೋಡಿಸಿದಿರಿ ಎಂದಿಟ್ಟುಕೊಳ್ಳಿ. ಗುಂಡಿಯನ್ನು ಸ್ವಲ್ಪ ತಿರುಗಿಸುವವರೆಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೂ ತಿರುಗಿಸಿದರೆ ದೀಪ ಝಗಝಗ ಮಿಣುಕತೊಡಗುತ್ತದೆ, ಗುಂಯ್ ಎನ್ನುತ್ತದೆ, ಒಮ್ಮೆಲೇ ಆರುತ್ತದೆ. ಮತ್ತೆ ಹಿಂದಕ್ಕೆ ತಿರುಗಿಸಿದರೂ ಕೂಡಲೇ ಹೊತ್ತುವುದಿಲ್ಲ. ಹೀಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಸುಟ್ಟ ವಾಸನೆ ಬಂದು ದೀಪ ಕೈಕೊಡಬಹುದು. ಅಂಗಡಿಯವನು ಕಳಪೆ ಮಾಲು ಕೊಟ್ಟ ಎಂದು ನೀವು ಬೈಯುತ್ತೀರಿ. ಪಾಪ, ಅವನದೇನೂ ತಪ್ಪಿಲ್ಲ.

ದೀಪದ ಬುಡದೊಳಗೆ ನಡೆದದ್ದು ಇಷ್ಟು. ಬಂದ ವಿದ್ಯುತ್ತನ್ನು ಸಿಎಫ್‌ಎಲ್ ಮೊದಲು ಏಕಮುಖ ಮಾಡಿ ಒಂದು ಕೆಪಾಸಿಟರಿನಲ್ಲಿ ತುಂಬಿಸಿಕೊಳ್ಳುತ್ತದೆ. ಮನೆಯ ತೊಟ್ಟಿಗೆ ನೀರು ತುಂಬಿದ ಹಾಗೆ. ತೊಟ್ಟಿ ತುಂಬಿರುವಾಗ ಹೊರಗಿನಿಂದ ಏನೂ ಎಳೆಯುವುದಿಲ್ಲ. ಅಲೆಯ ತುತ್ತತುದಿಯಲ್ಲಿ ಮಾತ್ರ ಒಂದು ಕ್ಷಣ ಗಟಗಟನೆ ಕುಡಿಯುತ್ತದೆ. ಸರಾಸರಿ ತೆಗೆದರೂ 50 ಮಿಲಿಆಂಪಿಯರಿನ ಆಸುಪಾಸು, ಅದೂ ಎಡೆಬಿಡದೆ ಅಲ್ಲ. ಎಡೆಬಿಡದ ಪ್ರವಾಹವನ್ನೇ ನಂಬಿದ ಟ್ರಯಾಕ್ ನಡುವಿನಲ್ಲೇ ಬಾಗಿಲು ಮುಚ್ಚುತ್ತದೆ, ಗೊಂದಲಗೊಂಡು ಮತ್ತೆ ತೆರೆಯುತ್ತದೆ. ಒಂದು ಅರ್ಧಅಲೆಯಲ್ಲಿ ತೆರೆದದ್ದು ಮುಂದಿನದರಲ್ಲಿ ತೆರೆಯದೇ ಹೋಗಬಹುದು. ಅದೇ ಮಿಣುಕು. ಇನ್ನು ಅಲೆ ತುತ್ತತುದಿಯಲ್ಲಿರುವಾಗ ಟ್ರಯಾಕ್ ತೆರೆದರೆ, ಅರೆಖಾಲಿ ತೊಟ್ಟಿಗೆ ಅಣೆಕಟ್ಟೆಯ ಬಾಗಿಲು ತೆಗೆದಂತೆ ಪ್ರವಾಹ ನುಗ್ಗುತ್ತದೆ. ಸೆಕೆಂಡಿಗೆ ನೂರು ಬಾರಿ ಈ ಪೆಟ್ಟು ತಿಂದ ಕೆಪಾಸಿಟರ್ ಕಾದು ಉಬ್ಬುತ್ತದೆ.

ಇದಕ್ಕೆ ವಿರುದ್ಧವಾದ ಒಂದು ತಮಾಷೆಯೂ ಇದೆ. ಸ್ವಿಚ್ ಆರಿಸಿದ್ದರೂ ಕೆಲವು ಮನೆಗಳಲ್ಲಿ ಸಿಎಫ್‌ಎಲ್ ಕತ್ತಲಲ್ಲಿ ಆಗಾಗ ಮಿಂಚಿ ಮಾಯವಾಗುತ್ತಿತ್ತು. ಜಿನ್ನಿನ ಕಾಟ ಎಂದು ಹೆದರಿದವರೂ ಇರಬಹುದು! ಸ್ವಿಚ್ಚಿನೊಳಗಿನ ಕೆಂಪು ಸೂಚಕ ದೀಪದ ಮೂಲಕ ಸೋರಿದ ಅಲ್ಪ ವಿದ್ಯುತ್ ತೊಟ್ಟಿಯನ್ನು ಹನಿಹನಿಯಾಗಿ ತುಂಬಿಸಿ, ತುಂಬಿದಾಗ ದೀಪ ಒಮ್ಮೆ ಮಿಂಚುತ್ತಿತ್ತು, ಅಷ್ಟೇ. ಡಿಮ್ಮರಿನ ಒಳಸರ್ಕ್ಯೂಟ್ ದೀಪದ ಮೂಲಕ ಎಳೆದುಕೊಳ್ಳುವ ಅನ್ನದಿಂದಲೂ ಇದೇ ತೊಂದರೆ ಬರುತ್ತಿತ್ತು.

ಪರಿಹಾರಕ್ಕೆ ದಾರಿ ತೆರೆದದ್ದು ಹೆಚ್ಚು ಆವರ್ತನದ ಎಲೆಕ್ಟ್ರಾನಿಕ್ ಚೋಕ್. ತೈಲ ಬಿಕ್ಕಟ್ಟಿನ ನಂತರ, 1970ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಸ್ಯಾಮ್ ಬರ್ಮನ್ ಮತ್ತವರ ಸಂಗಡಿಗರು ಸರಕಾರದ ಧನಸಹಾಯದಿಂದ ಇಂಥ ಚೋಕುಗಳನ್ನು ಪರೀಕ್ಷಿಸಿ ಉದ್ಯಮಕ್ಕೆ ಪರಿಚಯಿಸಿದರು. ಸೆಕೆಂಡಿಗೆ 50 ಆವರ್ತಗಳ ಬದಲು 20 ಸಾವಿರಕ್ಕೂ ಹೆಚ್ಚು ಆವರ್ತಗಳಲ್ಲಿ ಟ್ಯೂಬನ್ನು ನಡೆಸಿದರೆ ಅನಿಲಕ್ಕೆ ಆರಲು ಸಮಯವೇ ಸಿಗುವುದಿಲ್ಲ. ಮತ್ತೆ ಮತ್ತೆ ಹೊತ್ತಿಸುವ ಕಷ್ಟ ತಪ್ಪಿತು. ಕಬ್ಬಿಣದ ಚೋಕ್ ತಾನೇ ತಿನ್ನುತ್ತಿದ್ದ 10ರಿಂದ 15 ವ್ಯಾಟಿನಲ್ಲಿ ದೊಡ್ಡ ಪಾಲು ಉಳಿಯಿತು.

ಇನ್ನೂ ಚಂದದ ಲಾಭ ಮತ್ತೊಂದಿತ್ತು. ಆವರ್ತನವನ್ನು ಏರಿಸಿದರೆ ಚೋಕಿನ ತಡೆ ಹೆಚ್ಚಾಗಿ ಕೊಳವೆಯ ಪ್ರವಾಹ ಇಳಿಯುತ್ತದೆ, ಅಂದರೆ ಬೆಳಕು ಇಳಿಯುತ್ತದೆ. ಇದೇ ಹೊತ್ತಿಗೆ ಕೊಳವೆಗೆ ಅಡ್ಡಲಾಗಿ ಜೋಡಿಸಿದ ಚಿಕ್ಕ ಕೆಪಾಸಿಟರ್ ಹೆಚ್ಚಿನ ಆವರ್ತನದಲ್ಲಿ ಹೆಚ್ಚು ಸಲೀಸಾಗಿ ವಿದ್ಯುತ್ ಹಾಯಿಸುತ್ತದೆ, ಮತ್ತು ಆ ವಿದ್ಯುತ್ ಹಾದುಹೋಗುವುದು ತುದಿಯ ತಂತುಗಳ ಮೂಲಕವೇ. ಬೆಳಕು ಇಳಿದಂತೆ ತಂತುಗಳು ತಾವಾಗಿಯೇ ಬಿಸಿಯಾಗಿ ಉಳಿಯುತ್ತವೆ! 1950ರ ದಶಕದಲ್ಲಿ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್, ಪ್ರತ್ಯೇಕ ತಂತಿ ಬೇಡಿದ ಕೆಲಸವನ್ನು ಹೀಗೆ ಒಂದು ಕೆಪಾಸಿಟರ್ ಮಾಡಿಕೊಟ್ಟಿತು. ಎಂಜಿನಿಯರಿಂಗಿನಲ್ಲಿ ಇಂಥ ಕ್ಷಣಗಳು ಕಾವ್ಯಕ್ಕೆ ಕಡಿಮೆಯಲ್ಲ ಎಂದು ನನಗೆ ಅನಿಸುತ್ತದೆ.

ಉಳಿದದ್ದು ಗೋಡೆಯ ಡಿಮ್ಮರನ್ನು ಸಮಾಧಾನಪಡಿಸುವ ಕೆಲಸ. ದೊಡ್ಡ ಕಟ್ಟಡಗಳು ಅದನ್ನು ಬದಿಗಿಟ್ಟು, ಬೇರೆ ಸಣ್ಣ ತಂತಿಗಳ ಮೂಲಕ ಚೋಕಿಗೆ ಆಜ್ಞೆ ಕಳಿಸುವ ಪದ್ಧತಿಗೆ ಹೋದವು. 1990ರ ದಶಕದಲ್ಲಿ ಯುರೋಪಿನಲ್ಲಿ ರೂಪುಗೊಂಡ ಡಾಲಿ ಎಂಬ ಡಿಜಿಟಲ್ ಪದ್ಧತಿ ಅದರಲ್ಲಿ ಹೆಸರಾದದ್ದು. ಮನೆಯವರಿಗೆ ಆ ಸೌಕರ್ಯವಿಲ್ಲ. ಇದ್ದ ಎರಡು ತಂತಿಯಲ್ಲೇ ವಿದ್ಯುತ್ತೂ ಬರಬೇಕು, ‘ಇಷ್ಟು ಬೆಳಕು ಸಾಕು’ ಎಂಬ ಸಂದೇಶವೂ ಬರಬೇಕು. ಆದ್ದರಿಂದ ಡಿಮ್ಮರಿಗೆ ಹೊಂದುವ ಸಿಎಫ್‌ಎಲ್‌ನಲ್ಲಿ ಒಳಗಿನ ಸರ್ಕ್ಯೂಟನ್ನೇ ಬದಲಿಸಿದರು. ಕೊಳವೆಯ ವೇಗದ ಪ್ರವಾಹದ ಒಂದು ಪಾಲನ್ನು ಹಿಂದಕ್ಕೆ ತಿರುಗಿಸಿ, ದೀಪ ಅಲೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ ಎಳೆಯುವಂತೆ ಮಾಡಿದರು. ಆಗ ಟ್ರಯಾಕಿನ ಬಾಗಿಲು ತೆರೆದೇ ಇರುತ್ತದೆ. ನುಗ್ಗುವ ಪ್ರವಾಹವನ್ನು ಪಳಗಿಸಲು ರೋಧಕ, ಸುರುಳಿಗಳನ್ನು ಇಟ್ಟರು. ಅಲೆಯಲ್ಲಿ ಎಷ್ಟು ಭಾಗ ಕತ್ತರಿಸಿ ಬಂದಿದೆ ಎಂದು ಅಳೆದು, ಅದಕ್ಕೆ ತಕ್ಕಂತೆ ಆವರ್ತನ ಏರಿಸುವ ಸರ್ಕ್ಯೂಟ್ ಸೇರಿಸಿದರು. ಅಂದರೆ ಡಿಮ್ಮರ್ ಇನ್ನು ದೀಪದ ಅನ್ನ ಕಡಿತ ಮಾಡುವ ಯಜಮಾನನಲ್ಲ. ಅದರ ಕತ್ತರಿಯನ್ನು ದೀಪ ಒಂದು ಸಂಜ್ಞೆಯಾಗಿ ಓದಿಕೊಳ್ಳುತ್ತದೆ. ಡಿಮ್ಮರ್ ತಯಾರಕರೂ ಒಂದು ಹೆಜ್ಜೆ ಮುಂದೆ ಬಂದರು. ದೀಪ ಮಿಣುಕುವ ಮಟ್ಟಕ್ಕಿಂತ ಕೆಳಗೆ ಗುಂಡಿ ಇಳಿಯದಂತೆ ಒಳಗೊಂದು ತಿರುಪು ಇಟ್ಟರು.

ಇಷ್ಟಾದರೂ ಬಳಸಿದವರ ಅಸಮಾಧಾನ ಹೋಗಲಿಲ್ಲ. ಅದಕ್ಕೆ ಕಾರಣ ನಮ್ಮ ಕಣ್ಣು. ಹನ್ನೊಂದನೇ ಶತಮಾನದಲ್ಲಿ ಇಬ್ನುಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ, ರಾತ್ರಿ ಕಾಣುವ ನಕ್ಷತ್ರಗಳು ಹಗಲು ಏಕೆ ಕಾಣುವುದಿಲ್ಲ ಎಂದು ವಿಚಾರ ಮಾಡಿದ್ದರು. ನಕ್ಷತ್ರ ಬದಲಾಗಿಲ್ಲ, ಸುತ್ತಲಿನ ಬೆಳಕು ಬದಲಾಗಿದೆ. ಕಣ್ಣು ಬೆಳಕನ್ನು ತಕ್ಕಡಿಯಂತೆ ತೂಗುವುದಿಲ್ಲ ಎಂಬ ಈ ತಿಳಿವಳಿಕೆಯನ್ನು ಇಂದಿನ ದೀಪತಂತ್ರಜ್ಞರು ಒಂದು ಸರಳ ಸೂತ್ರದಲ್ಲಿ ಹೇಳುತ್ತಾರೆ. ಮೀಟರಿನಲ್ಲಿ ಅಳೆದ ಬೆಳಕು ಶೇಕಡಾ 25ಕ್ಕೆ ಇಳಿದರೆ ಕಣ್ಣಿಗೆ ಅರ್ಧದಷ್ಟು ಕಾಣುತ್ತದೆ. ಶೇಕಡಾ 10ಕ್ಕೆ ಇಳಿದರೂ ಮೂರನೇ ಒಂದು ಭಾಗದಷ್ಟು ಕಾಣುತ್ತದೆ. ಹತ್ತನೇ ಒಂದು ಭಾಗ ಎನಿಸಬೇಕಾದರೆ ಶೇಕಡಾ 1ಕ್ಕೆ ಇಳಿಸಬೇಕು. ತಂತುವಿನ ಬಲ್ಬಿಗೆ ಅದು ಸಾಧ್ಯ. ಶೇಕಡಾ 20ರ ಹತ್ತಿರ ನಿಂತುಬಿಡುವ ಸಿಎಫ್‌ಎಲ್ ಅದರ ಮುಂದೆ ಮಂದವೆಂದೇ ತೋರುತ್ತಿರಲಿಲ್ಲ.

ಬಣ್ಣದ ಪ್ರಶ್ನೆಯೂ ಇತ್ತು. ತಂತುವಿನ ಬಲ್ಬ್ ಮಂದವಾದಂತೆ ಸಂಜೆಯ ಸೂರ್ಯನ ಹಾಗೆ ಕೆಂಪಾಗುತ್ತದೆ. ಟ್ಯೂಬ್ ಮಂದವಾದರೂ ಅದೇ ಬಿಳಿ. ಫಿಲಿಪ್ಸ್ ಕಂಪನಿಯ ಕ್ರೌಥೋಫ್ 1941ರಲ್ಲೇ ಹೇಳಿದ್ದರು, ಕಡಿಮೆ ಬೆಳಕು ಹಿತವೆನಿಸಬೇಕಾದರೆ ಅದು ಬೆಚ್ಚನೆಯ ಬಣ್ಣದ್ದಾಗಿರಬೇಕು, ತಣ್ಣನೆಯ ಬಿಳಿಬೆಳಕು ಮಂದವಾದರೆ ಮಂಕು ಕವಿದಂತಾಗುತ್ತದೆ ಎಂದು. ಜಡಿಮಳೆಯ ಆಷಾಢದ ಮಧ್ಯಾಹ್ನ ಮನೆಯೊಳಗಿನ ಬೆಳಕನ್ನು ನೆನೆದರೆ ಅವರ ಮಾತು ಅರ್ಥವಾದೀತು. ಮೇಲಾಗಿ ಡಿಮ್ಮರಿಗೆ ಹೊಂದುವ ಸಿಎಫ್‌ಎಲ್ ಸಾದಾ ಸಿಎಫ್‌ಎಲ್‌ಗಿಂತ ದುಬಾರಿ. ನಮ್ಮ ರಾಜ್ಯದಲ್ಲಿ 2004ರಲ್ಲಿ ಬೆಸ್ಕಾಂ ಸಿಎಫ್‌ಎಲ್ ಬಳಕೆಗೆ ಪ್ರೋತ್ಸಾಹ ಕೊಡತೊಡಗಿದಾಗ ಜನರಿಗೆ ಸಾದಾ ದೀಪದ ಬೆಲೆಯೇ ಭಾರ ಎನಿಸುತ್ತಿತ್ತು. ಡಿಮ್ಮರಿನ ಮಾತು ದೂರ ಉಳಿಯಿತು.

ಕೊನೆಗೆ ಎರಡಕ್ಕೂ ಹೊಂದಾಣಿಕೆ ಬಂದ ಹೊತ್ತಿಗೆ ದೀಪದ ಆಯುಷ್ಯವೇ ಮುಗಿಯುತ್ತ ಬಂದಿತ್ತು. 2015ರಲ್ಲಿ ದೇಶದಲ್ಲಿ ಉಜಾಲಾ ಯೋಜನೆ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದವು. 2016ರಲ್ಲಿ ಜನರಲ್ ಎಲೆಕ್ಟ್ರಿಕ್ ಅಮೆರಿಕದಲ್ಲಿ ಸಿಎಫ್‌ಎಲ್ ಕೈಬಿಡುವುದಾಗಿ ಪ್ರಕಟಿಸಿತು. ಪಾದರಸದ ಬಳಕೆಯನ್ನು ತಡೆಯುವ ಮಿನಮಾಟಾ ಒಪ್ಪಂದದ ರಾಷ್ಟ್ರಗಳು ಮನೆಬಳಕೆಯ ಸಿಎಫ್‌ಎಲ್‌ಗಳಿಗೆ 2025ರ, ಉದ್ದ ಟ್ಯೂಬುಗಳಿಗೆ 2027ರ ಗಡುವನ್ನು ಒಪ್ಪಿಕೊಂಡಿವೆ. ಭಾರತವೂ ಆ ಒಪ್ಪಂದದಲ್ಲಿದೆ.

ಎಲ್‌ಇಡಿಯಿಂದ ತೊಂದರೆ ತೀರಿತೇ? ಇಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬಿನ ಬುಡದಲ್ಲೂ ಅದೇ ಏಕಮುಖ ಮಾಡುವ ಸರ್ಕ್ಯೂಟ್, ಅದೇ ತೊಟ್ಟಿ, ಇನ್ನೂ ಕಡಿಮೆ ಪ್ರವಾಹ. ತಣ್ಣಗಾಗುವ ತಂತುವಿನ ಕಷ್ಟ ಇಲ್ಲ, ಶೇಕಡಾ 1ಕ್ಕೂ ಇಳಿಸಬಹುದು ಎಂಬುದು ನಿಜ. ಆದರೆ ಟ್ರಯಾಕಿನ ಜಗಳ ಹಾಗೆಯೇ ಮುಂದುವರಿಯಿತು. 2013ರಲ್ಲಿ ಅಮೆರಿಕದ ತಯಾರಕರ ಸಂಘ ಡಿಮ್ಮರು ಮತ್ತು ಎಲ್‌ಇಡಿ ಎರಡೂ ಪಾಲಿಸಬೇಕಾದ ಮಾನದಂಡವನ್ನು ಪ್ರಕಟಿಸಬೇಕಾಯಿತು. ದೀಪ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ, ಗೋಡೆಯೊಳಗಿನ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ. ಹೀಗಾಗಿ ಪ್ರತಿ ಹೊಸ ದೀಪವೂ ಅರ್ಧ ಶತಮಾನ ಹಿಂದಿನ ಬಲ್ಬಿನಂತೆ ನಟಿಸುವುದನ್ನು ಕಲಿಯಬೇಕಾಗಿದೆ.

ನಮ್ಮ ಮನೆಗಳಿಗೆ ಇದರಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ ಸ್ವಿಚ್ಚಿನ ಬೋರ್ಡಿನಲ್ಲೇ ಪ್ಲಗ್ ಸಾಕೆಟ್ ಕೂಡ ಇರುವುದರಿಂದ ನ್ಯೂಟ್ರಲ್ ತಂತಿ ಹೆಚ್ಚಾಗಿ ಅಲ್ಲಿಯವರೆಗೆ ಬಂದಿರುತ್ತದೆ. ನ್ಯೂಟ್ರಲ್ ಬೇಡುವ ಒಳ್ಳೆಯ ಡಿಮ್ಮರುಗಳನ್ನು ಗೋಡೆ ಒಡೆಯದೆ ಹಾಕಿಸಬಹುದು. ಮನೆಯಲ್ಲಿ, ಮದರಸಾದಲ್ಲಿ, ಹಾಸ್ಟೆಲಿನಲ್ಲಿ ಹಾಕಿಸುವುದಾದರೆ ದೀಪದ ಪೆಟ್ಟಿಗೆಯ ಮೇಲೆ ‘ಡಿಮ್ಮಬಲ್’ ಎಂದು ಬರೆದಿದೆಯೇ ನೋಡಿ. ಡಿಮ್ಮರಿನ ಮೇಲೆ ಅದು ನಡೆಸಬಲ್ಲ ಕನಿಷ್ಠ ವ್ಯಾಟ್ ಎಷ್ಟೆಂದು ನೋಡಿ. 40 ವ್ಯಾಟ್ ಬೇಡುವ ಡಿಮ್ಮರಿಗೆ 9 ವ್ಯಾಟಿನ ಒಂದೇ ದೀಪ ಜೋಡಿಸಿದರೆ ಮಿಣುಕುವುದು ಖಚಿತ. ಫ್ಯಾನಿನ ರೆಗ್ಯುಲೇಟರನ್ನು ಫ್ಯಾನಿಗೇ ಬಿಡಿ. ಹೊಸ ಡಿಮ್ಮರ್ ಹಾಕಿಸಿದ ದಿನ ಎಲೆಕ್ಟ್ರಿಷಿಯನ್ ಹೊರಡುವ ಮುನ್ನ ಅವರ ಕೈಯಿಂದಲೇ ಒಳಗಿನ ತಿರುಪನ್ನು ಹೊಂದಿಸಿಕೊಳ್ಳಿ. ಗುಂಡಿಯನ್ನು ಅತಿ ಕೆಳಗೆ ಇಳಿಸಿ, ದೀಪ ಆರಿಸಿ, ಮತ್ತೆ ಹಾಕಿ ನೋಡಿ. ಅಷ್ಟು ಕೆಳಗಿನಿಂದಲೂ ಅದು ಮಿಣುಕದೆ ಹೊತ್ತಿಕೊಂಡರೆ ಎರಡೂ ಒಂದಕ್ಕೊಂದು ಹೊಂದಿವೆ ಎಂದರ್ಥ.